ಹತ್ತು ಶಿಳ್ಳೆಯ ಬೈಕೂ, ಒಂದು ಅಂಗುಲದ ಲೆಕ್ಕವೂ

ಮಿತ್ರರೇ, ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡ್ತೀನಿ. ನನಗೆ ಬೈಕಿನ ಹುಚ್ಚು ಹತ್ತಿಸಿದ್ದು ರಸ್ತೆಯಲ್ಲ, ಸಿನಿಮಾ!

ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಕಡ್ಲೆಕಾಯಿ ಸಿಪ್ಪೆ ಉದುರಿಸುತ್ತಾ ಸಿನಿಮಾ ನೋಡಿ ಬೆಳೆದವನು ನಾನು. ಹೀರೋ ನಡೆದು ಬಂದರೆ ಒಂದು ಶಿಳ್ಳೆ. ಬೈಕಿನ ಮೇಲೆ ಬಂದರೆ ಹತ್ತು ಶಿಳ್ಳೆ. ಧೂಳೆಬ್ಬಿಸಿಕೊಂಡು ಬಂದು ಗಕ್ಕನೆ ಅಡ್ಡ ನಿಲ್ಲಿಸಿದನೋ, ಮುಗಿದೇ ಹೋಯ್ತು, ಪರದೆಗೆ ಚಿಲ್ಲರೆ ಕಾಸಿನ ಸುರಿಮಳೆ! ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' (1975) ಚಿತ್ರದಲ್ಲಿ ಧರ್ಮೇಂದ್ರ, ಅಮಿತಾಬ್ ಸೈಡ್‌ಕಾರ್ ಬೈಕಿನಲ್ಲಿ ಹಾಡಿಕೊಂಡು ಹೋದದ್ದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಮೊನ್ನೆ ಮೊನ್ನೆ '777 ಚಾರ್ಲಿ' (2022) ಬಂದಾಗ ರಕ್ಷಿತ್ ಶೆಟ್ಟಿ ನಾಯಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಹೊರಟರಲ್ಲ, ನಲವತ್ತು ದಾಟಿದ ನಾನು ಕಣ್ಣೊರೆಸಿಕೊಂಡೇ ಹೊರಗೆ ಬಂದೆ.

ಆದರೆ ಪರದೆ ಒಂದು ಗುಟ್ಟನ್ನು ಮಾತ್ರ ಯಾವತ್ತೂ ಹೇಳೋದಿಲ್ಲ. ಬೈಕ್ ಬಿದ್ದರೆ ಎತ್ತೋರು ಯಾರು? ಹಾಲಿವುಡ್ಡಿನ 'ದಿ ಗ್ರೇಟ್ ಎಸ್ಕೇಪ್' (1963) ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಮುಳ್ಳುತಂತಿ ಬೇಲಿಯನ್ನು ಬೈಕಿನಲ್ಲಿ ಹಾರುವ ದೃಶ್ಯ ಜಗತ್ಪ್ರಸಿದ್ಧ. ಮೆಕ್ವೀನ್ ನಿಜಕ್ಕೂ ಒಳ್ಳೆಯ ಸವಾರ. ಆದರೂ ಆ ನೆಗೆತ ನೆಗೆದದ್ದು ಅವರಲ್ಲ, ಬಡ್ ಎಕಿನ್ಸ್ ಎಂಬ ಸ್ಟಂಟ್ ಸವಾರ! ಹೀರೋಗೇ ಡ್ಯೂಪ್ ಇದ್ದಾನೆ. ನಿಮಗೂ ನನಗೂ ಡ್ಯೂಪ್ ಇಲ್ಲವಲ್ಲ ಸ್ವಾಮಿ!

ಈ ಸತ್ಯ ತಿಳಿಯೋಕೆ ನನಗೆ ಒಂದು ಮೊಣಕಾಲಿನ ಚರ್ಮ ಖರ್ಚಾಯಿತು. ಆ ಕತೆಯನ್ನೇ ಹೇಳ್ತೀನಿ, ಕೇಳಿ.

ಅಪ್ಪನ ಯೆಜ್ಡಿ

ನಮ್ಮದು ಹೊಸದುರ್ಗ ತಾಲೂಕಿನ ಒಂದು ಸಣ್ಣ ಊರು. ತೆಂಗು, ಒಂದಿಷ್ಟು ಅಡಿಕೆ, ಮಳೆ ಬಂದರೆ ರಾಗಿ. ತೋಟ ಊರಿನಿಂದ 7 ಕಿಲೋಮೀಟರ್ ದೂರ. ಆ ಏಳರಲ್ಲಿ ಟಾರು ಕಂಡದ್ದು ಒಂದೇ ಕಿಲೋಮೀಟರ್. ಉಳಿದದ್ದು ಗ್ರಾವೆಲ್ ಹೊಡೆದ ದಾರಿ. ಎಲ್ಲೋ ಒಂದು ಕಡೆ ಜಲ್ಲಿ ಸುರಿದು ರೋಲರ್ ಓಡಿಸದೆ ಬಿಟ್ಟಿದ್ದಾರೆ, ಇನ್ನೊಂದು ಕಡೆ ಹಳ್ಳ ದಾಟಬೇಕು.

ಆ ದಾರಿಯಲ್ಲಿ ಅಪ್ಪ 1984ರಿಂದ ಓಡಿಸಿದ್ದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ. ಅದನ್ನು ಮೇಲಕ್ಕೆ ಮಡಿಸಿ ಒದ್ದರೆ ಸ್ಟಾರ್ಟು, ಕೆಳಕ್ಕೆ ಇಳಿಸಿದರೆ ಗೇರು. ಈಗಿನ ಹುಡುಗರಿಗೆ ಹೇಳಿದರೆ ನಂಬೋದಿಲ್ಲ. ಅಪ್ಪನ ಹಿಂದೆ ಗೊಬ್ಬರದ ಚೀಲ, ಮುಂದೆ ಟ್ಯಾಂಕಿನ ಮೇಲೆ ನಾನು. 'ಅಡ್ವೆಂಚರ್ ಬೈಕ್' ಅನ್ನೋ ಹೆಸರೇ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಆದರೆ ಅಪ್ಪ ದಿನಾ ಮಾಡುತ್ತಿದ್ದದ್ದು ಅದನ್ನೇ!

ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ನಮ್ಮ ಮನೆಯ ಯೆಜ್ಡಿ 1999ರಲ್ಲಿ ಹೋಯಿತು, ನನ್ನ ಡಿಪ್ಲೊಮಾ ಫೀಸಿಗೆ. ಗಾಡಿ ಕೊಂಡವನು ಅದನ್ನು ಓಡಿಸಿಕೊಂಡು ಹೋದಾಗ ಅಪ್ಪ ಮನೆಯೊಳಗೇ ಇದ್ದರು. ಹೊರಗೆ ಬರಲಿಲ್ಲ. ಆ ಸದ್ದು ಊರ ಬಾಗಿಲು ದಾಟಿ ನಿಲ್ಲುವ ತನಕ ಒಂದು ಮಾತೂ ಆಡಲಿಲ್ಲ.

ಈಗ ನಾನು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದೀನಿ. ಅಪ್ಪನಿಗೆ 72. ಎರಡೂ ಮಂಡಿ ಸವೆದಿವೆ. ಹೋದ ವರ್ಷ ಊರಿಗೆ ಹೋದಾಗ ಅವ್ವ ಒಂದು ಮಾತು ಹೇಳಿದಳು. "ನಿಮ್ಮಪ್ಪ ತೋಟ ನೋಡಿ ಎಂಟು ತಿಂಗಳಾತು ಕಣೋ. ಆಟೋದೋರು ಆ ದಾರಿಗೆ ಬರಲ್ಲ ಅಂತಾರೆ. ದಿನಾ ಜಗಲಿ ಮೇಲೆ ಕುಂತು ಆ ಕಡೇನೇ ನೋಡ್ತಿರ್ತಾರೆ."

ಅವತ್ತೇ ತೀರ್ಮಾನ ಮಾಡಿದೆ. ಚೀಟಿ ದುಡ್ಡು ಕೂಗಿ ಎತ್ತಿ ಬೈಕ್ ತಗೊಳ್ಳೋದೇ. ಬೆಂಗಳೂರಿನಿಂದ ಹೈವೇಯಲ್ಲಿ ಹಿರಿಯೂರಿಗೆ, ಅಲ್ಲಿಂದ ಹೊಸದುರ್ಗಕ್ಕೆ, ಸುಮಾರು 200 ಕಿಲೋಮೀಟರ್ ಟಾರು. ಕೊನೆಗೆ 6 ಕಿಲೋಮೀಟರ್ ಜಲ್ಲಿ. ಎರಡಕ್ಕೂ ಆಗುವ ಗಾಡಿ ಬೇಕು. ಅಪ್ಪ ಹಿಂದೆ ಕೂರಬೇಕು. ಇಷ್ಟು ಸರಳ ಅಂದುಕೊಂಡಿದ್ದೆ. ಆದರೆ ಒಳಗಿನ ಗಾಂಧಿ ಕ್ಲಾಸಿನ ಹುಡುಗ ಸುಮ್ಮನಿರಬೇಕಲ್ಲ!

ಮಧ್ಯಮ ತೂಕ ಅಂದರೆ ಎಷ್ಟು?

ಹೊರದೇಶದಲ್ಲಿ ಮಧ್ಯಮ ತೂಕದ ಅಡ್ವೆಂಚರ್ ಬೈಕ್ ಅಂದರೆ 650ರಿಂದ 900 ಸಿಸಿ. ಯಮಹಾದ ಟೆನೆರೆ 700 ಅಂಥದ್ದು, ಎಂಜಿನ್ 689 ಸಿಸಿ. ಸುಜುಕಿ ವಿ-ಸ್ಟ್ರಾಮ್ 800 ಡಿಇ ಇನ್ನೊಂದು. ಅದು 2024ರಲ್ಲಿ ನಮ್ಮ ದೇಶಕ್ಕೂ ಬಂತು. ತೂಕ 230 ಕಿಲೋ, ಬೆಲೆ ಹತ್ತು ಲಕ್ಷದ ಮೇಲೆ. ನಮ್ಮ ತೋಟದ ಆರು ವರ್ಷದ ಫಸಲು ಮಾರಿದರೂ ಬರೋದಿಲ್ಲ!

ನಮ್ಮಂಥವರಿಗೆ ಮಧ್ಯಮ ಅಂದರೆ 300ರಿಂದ 450 ಸಿಸಿ ಒಳಗಿನದು. ರಾಯಲ್ ಎನ್‌ಫೀಲ್ಡಿನವರ ಹಿಮಾಲಯನ್ 2016ರಲ್ಲಿ ಬಂತು, 411 ಸಿಸಿ. 2023ರ ಕೊನೆಯಲ್ಲಿ ಅದು ನಿಂತು ಹೊಸ ಹಿಮಾಲಯನ್ 450 ಬಂತು. ಮೈಸೂರಿನ ಹಳೆಯ ಹೆಸರು 2022ರಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ಹುಟ್ಟಿ ಯೆಜ್ಡಿ ಅಡ್ವೆಂಚರ್ ಆಯಿತು, 334 ಸಿಸಿ. ಕೆಟಿಎಂ 390 ಅಡ್ವೆಂಚರ್ 2020ರಲ್ಲಿ ಬಂದು, 2025ರಲ್ಲಿ ಪೂರ್ತಿ ಹೊಸದಾಯಿತು. ಇನ್ನೂ ಹಗುರ ಬೇಕು ಅಂದರೆ ಹೀರೋದವರ ಎಕ್ಸ್‌ಪಲ್ಸ್ 200, 160 ಕಿಲೋ ಒಳಗೇ.

ನನ್ನ ಗೆಳೆಯನೊಬ್ಬ ಇಂಥ ಬೈಕುಗಳಲ್ಲಿ ಲಡಾಖ್ ಸುತ್ತಿ ಬಂದವನು. "ಮಗಾ, ದೊಡ್ಡದೇ ತಗೋ, ಚಿಕ್ಕದು ತಗೊಂಡು ಆಮೇಲೆ ಕೊರಗಬೇಡ" ಅಂತ ತನ್ನ ದೊಡ್ಡ ಗಾಡಿಯ ಬೀಗದ ಕೈ ನನ್ನ ಕೈಗಿಟ್ಟ. ಹೆಸರು ಬೇಡ ಬಿಡಿ, ತಪ್ಪು ಗಾಡಿಯದಲ್ಲ. ಇಬ್ಬರೂ ಭಾನುವಾರ ಹೊಸದುರ್ಗದ ಕಡೆ ಹೊರಟೆವು.

ಫ್ಯಾನಿನ ಗುಡ್ಡದಲ್ಲಿ ಕ್ಲೈಮ್ಯಾಕ್ಸ್

ಹೈವೇಯಲ್ಲಿ ಆ ಗಾಡಿ ಹೋಗಿದ್ದೇ ಹೋಗಿದ್ದು! ಎತ್ತರದ ಸೀಟು, ಅಗಲದ ಹ್ಯಾಂಡಲ್, ಲಾರಿಗಳ ತಲೆ ಮೇಲಿಂದ ನೋಡಿದ ಹಾಗೆ ರಸ್ತೆ ಕಾಣುತ್ತೆ. ಸಿಗ್ನಲ್ಲಿನಲ್ಲಿ ನಿಂತರೆ ಜನ ತಿರುಗಿ ನೋಡ್ತಾರೆ. ನನ್ನ ಎತ್ತರ 5 ಅಡಿ 5 ಅಂಗುಲ. ಒಂದು ಕಾಲಿನ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಆದರೇನು, ಮನಸ್ಸು ಆಕಾಶದಲ್ಲಿತ್ತು!

ಹೊಸದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ನಮ್ಮ ಕಡೆ ಅದಕ್ಕೆ ಫ್ಯಾನ್ ಅಂತಲೇ ಅನ್ನೋದು. ಅಲ್ಲಿಗೆ ಹೋಗುವ ದಾರಿಯೆಲ್ಲ ಕೆಂಪು ಗ್ರಾವೆಲ್. ಗೆಳೆಯ ಮುಂದೆ, ನಾನು ಹಿಂದೆ. ಒಂದು ಇಳಿಜಾರು, ಆಮೇಲೆ ಎಡಕ್ಕೆ ತಿರುವು. ತಿರುವಿನಲ್ಲಿ ಸಡಿಲ ಜಲ್ಲಿ, ಗೋಲಿ ಹರಡಿದ ಹಾಗೆ. ನಾನು ಹೆದರಿದೆ. ಹೆದರಿದವನು ಏನು ಮಾಡ್ತಾನೆ? ಮುಂದಿನ ಬ್ರೇಕ್ ಹಿಡೀತಾನೆ. ಹಿಡಿದೆ. ಹ್ಯಾಂಡಲ್ ತಿರುಗಿಸಿಕೊಂಡೇ ಹಿಡಿದೆ.

ಆಮೇಲೆ ಸ್ಲೋ ಮೋಷನ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಧಡ್ ಅಂತ ಒಂದು ಸದ್ದು, ಅಷ್ಟೇ. ಎಡಗಾಲು ಗಾಡಿಯ ಕೆಳಗೆ. ಗೆಳೆಯ ತಿರುವು ದಾಟಿ ಹೋಗಿಬಿಟ್ಟಿದ್ದ. ಮೇಲೆ ಫ್ಯಾನು ಸುಯ್ ಸುಯ್ ಅಂತ ತಿರುಗ್ತಾ ಇತ್ತು. ಕಾಲು ಎಳೆದುಕೊಂಡು ಹೊರಬಂದೆ. ಗಾಡಿ ಎತ್ತೋಕೆ ನೋಡಿದೆ. ಒಂದು ಸಲ, ಎರಡು ಸಲ. ಊಹೂಂ! ಸಡಿಲ ಜಲ್ಲಿಯಲ್ಲಿ ನನ್ನ ಬೂಟೇ ಜಾರುತ್ತಿತ್ತು.

ಅಷ್ಟರಲ್ಲಿ ಕುರಿ ಹೊಡ್ಕೊಂಡು ಒಬ್ಬ ಅಜ್ಜ ಬಂದ. ಜೊತೆಗೊಬ್ಬ ಹುಡುಗ. ಅಜ್ಜ ಕೋಲು ಊರಿ ನಿಂತು ಗಾಡಿಯನ್ನೂ ನನ್ನನ್ನೂ ಒಂದು ಸುತ್ತು ನೋಡಿದ. "ಎಮ್ಮೆ ಮಲಗಿದ್ರೆ ಬಾಲ ಮುರಿದಾದ್ರೂ ಎಬ್ಬಿಸಬೌದು ಕಣಪ್ಪ. ಇದಕ್ಕೆ ಬಾಲಾನೂ ಇಲ್ವಲ್ಲೋ!" ಅಂದ.

ಮೂವರೂ ಸೇರಿ ಎತ್ತಿದೆವು. ಅಜ್ಜ ಧೂಳು ಕೊಡವಿಕೊಂಡು ಹೊರಡುವ ಮುಂಚೆ ಕೇಳಿದ. "ಒಬ್ನೇ ಎತ್ತೋಕಾಗದ್ದನ್ನ ಒಬ್ನೇ ಯಾಕ್ ತಂದೆ?"

ಮಿತ್ರರೇ, ಎಷ್ಟೋ ಬೈಕ್ ಪತ್ರಿಕೆ ಓದಿದ್ದೆ, ಎಷ್ಟೋ ಜನರ ಸಲಹೆ ಕೇಳಿದ್ದೆ. ಇಂಥ ಒಂದು ಪ್ರಶ್ನೆ ಯಾರೂ ಕೇಳಿರಲಿಲ್ಲ!

ನಟರಿಬ್ಬರ ಸವಾರಿಯಿಂದ ಕಲಿತ ಪಾಠ

ಮನೆಗೆ ಬಂದು ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಕೂತಾಗ ನೆನಪಾದದ್ದು 2004ರ ಒಂದು ಸಾಹಸ. ಈವಾನ್ ಮೆಕ್‌ಗ್ರೆಗರ್, 'ಸ್ಟಾರ್ ವಾರ್ಸ್' ಖ್ಯಾತಿಯ ನಟ. ತನ್ನ ಗೆಳೆಯ, ನಟ ಚಾರ್ಲಿ ಬೂರ್ಮನ್ ಜೊತೆ ಲಂಡನ್ನಿನಿಂದ ಹೊರಟು, ಯೂರೋಪು, ರಷ್ಯಾ, ಮಂಗೋಲಿಯಾ ದಾಟಿ, ಅಮೆರಿಕದ ನ್ಯೂಯಾರ್ಕ್ ತನಕ ಬೈಕಿನಲ್ಲಿ ಹೋದರು. 'ಲಾಂಗ್ ವೇ ರೌಂಡ್' ಅನ್ನೋ ಹೆಸರಿನಲ್ಲಿ ಅದು ಟಿವಿಯಲ್ಲಿ ಬಂತು. ಜಗತ್ತಿನ ಎಷ್ಟೋ ಜನಕ್ಕೆ ಅಡ್ವೆಂಚರ್ ಬೈಕಿನ ಹುಚ್ಚು ಹಿಡಿಸಿದ್ದು ಅದೇ. ಅವರ ಗಾಡಿಗಳು ಬಿಎಂಡಬ್ಲ್ಯೂ ಕಂಪನಿಯ 1150 ಸಿಸಿ ಭಾರಿ ಗಾಡಿಗಳು, ಮೇಲೆ ಪೆಟ್ಟಿಗೆಗಳು.

ಮಂಗೋಲಿಯಾದ ಕೆಸರಿನಲ್ಲಿ ಆ ಗಾಡಿಗಳು ಮತ್ತೆ ಮತ್ತೆ ಬಿದ್ದವು. ನಟರು ಸುಸ್ತಾಗಿ ಕೂತರು. ಅಲ್ಲಿ ಅವರ ಕ್ಯಾಮರಾಮನ್ನಿನ ಗಾಡಿ ಕೆಟ್ಟಾಗ ಅಲ್ಲೇ ಸಿಕ್ಕ ಒಂದು ಸಣ್ಣ ರಷ್ಯನ್ ಬೈಕ್ ಕೊಂಡರು. ಆ ಬಡ ಗಾಡಿಗೂ ರಿಪೇರಿ ತಪ್ಪಲಿಲ್ಲ. ಆದರೆ ಕೆಸರಿನಲ್ಲಿ ಅದು ದೊಡ್ಡಣ್ಣಂದಿರಿಗಿಂತ ಸಲೀಸು! ಕುರಿ ಕಾಯುವ ಅಜ್ಜ ಹೇಳಿದ್ದೂ ಅದನ್ನೇ ಅಲ್ಲವೇ?

ಅವತ್ತು ನೋಟ್‌ಬುಕ್ ತೆಗೆದು ಹೊಸದಾಗಿ ಲೆಕ್ಕ ಬರೆಯಲು ಕೂತೆ. ನೀವೂ ಇಂಥ ಗಾಡಿ ಕೊಳ್ಳುವ ಆಸೆಯಲ್ಲಿದ್ದರೆ ನನ್ನ ಲೆಕ್ಕ ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದು ತೂಕ. ಹಿಮಾಲಯನ್ 411 ಆಗಲಿ, 450 ಆಗಲಿ, ಹತ್ತಿರ ಹತ್ತಿರ 200 ಕಿಲೋ. 2025ರ ಕೆಟಿಎಂ 390 ಅಡ್ವೆಂಚರ್ 183 ಕಿಲೋ ಆಸುಪಾಸು. ಬಿದ್ದ ಗಾಡಿ ಎತ್ತೋಕೂ ಒಂದು ವರಸೆ ಇದೆ. ಮುಖ ಮಾಡಿ ಹ್ಯಾಂಡಲ್ ಹಿಡಿದು ಎಳೆದರೆ ಸೊಂಟ ಹೋಗುತ್ತೆ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಬೆನ್ನು ಕೊಟ್ಟು ಸೀಟಿಗೆ ಅಂಡು ಒತ್ತಿ ಕುಕ್ಕರುಗಾಲಲ್ಲಿ ಕೂತು, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಎದ್ದೇಳಬೇಕು. ಗಾಡಿ ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆದಿಡಿ. ಇಲ್ಲದಿದ್ದರೆ ಎದ್ದ ಗಾಡಿ ಆ ಕಡೆಗೆ ಮತ್ತೆ ಬಿದ್ದೀತು! ಕೊಳ್ಳುವ ಮುಂಚೆ ಗೆಳೆಯನ ಗಾಡಿಯನ್ನು ಹುಲ್ಲಿನ ಮೇಲೆ ಮೆತ್ತಗೆ ಮಲಗಿಸಿ ಒಬ್ಬರೇ ಎತ್ತಿ ನೋಡಿ. ಎತ್ತೋಕಾದರೆ ಮುಂದಿನ ಮಾತು.

ಎರಡನೆಯದು ಚಕ್ರ. ಮುಂದಿನ ಚಕ್ರ 21 ಅಂಗುಲದ್ದಾದರೆ ಕಲ್ಲು, ಗುಂಡಿ ಹತ್ತಿ ಇಳಿಯೋದು ಸುಲಭ. ಟಾರಿನ ತಿರುವಿನಲ್ಲಿ ಮಾತ್ರ ಸ್ವಲ್ಪ ನಿಧಾನವಾಗಿ ಬಾಗುತ್ತೆ. 19 ಅಂಗುಲದ್ದು ಎರಡಕ್ಕೂ ನಡುವೆ. ಪೂರ್ತಿ ಟಾರಿನ ಸವಾರನಿಗೆ 17 ಸಾಕು. ಕಡ್ಡಿ ಚಕ್ರ ಪೆಟ್ಟು ತಿಂದರೆ ಬಾಗುತ್ತೆ, ಮತ್ತೆ ಸರಿ ಮಾಡಬಹುದು. ಅಲಾಯ್ ಚಕ್ರ ದೊಡ್ಡ ಪೆಟ್ಟಿಗೆ ಸೀಳಿಬಿಟ್ಟರೆ ಹೊಸದೇ ಗತಿ. ಆದರೆ ಹೆಚ್ಚಿನ ಕಡ್ಡಿ ಚಕ್ರಕ್ಕೆ ಟ್ಯೂಬ್ ಇರುತ್ತೆ. ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು. ಟ್ಯೂಬ್‌ಲೆಸ್ ಆದರೆ ಹೊರಗಿನಿಂದಲೇ ಬತ್ತಿ ತುರುಕಿ ಮುಂದೆ ಹೋಗಬಹುದು.

ಮೂರನೆಯದು ಬ್ರೇಕು. 2019ರ ಏಪ್ರಿಲಿನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ. ಟಾರಿನ ಮೇಲೆ ಅದು ದೇವರು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಮಾತ್ರ ಚಕ್ರ ಜಾರಿತು ಅಂತ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತೆ, ಗಾಡಿ ನಿಲ್ಲೋಕೆ ದೂರ ಬೇಕಾಗುತ್ತೆ. ಅದಕ್ಕೇ ಇಂಥ ಗಾಡಿಗಳಲ್ಲಿ ಹಿಂದಿನ ಎಬಿಎಸ್ ಆರಿಸುವ ಸೌಕರ್ಯ ಇದೆಯಾ ನೋಡಬೇಕು. ಮುಂದಿನದನ್ನು ಮುಟ್ಟಲೇಬೇಡಿ, ಟಾರಿಗೆ ಹತ್ತಿದ ಕೂಡಲೇ ಹಿಂದಿನದನ್ನೂ ಮತ್ತೆ ಹಾಕಿ.

ನಾಲ್ಕನೆಯದು ಶಕ್ತಿ. ಹಳೆಯ ಹಿಮಾಲಯನ್ನಿಗೆ ಸುಮಾರು 24 ಅಶ್ವಶಕ್ತಿ, 450ಕ್ಕೆ 40, ಹೊಸ ಕೆಟಿಎಂಗೆ 46. ಹೈವೇಯಲ್ಲಿ ಓವರ್‌ಟೇಕ್ ಮಾಡೋಕೆ ಕುದುರೆ ಜಾಸ್ತಿ ಇದ್ದಷ್ಟೂ ಸುಖ. ಜಲ್ಲಿಯಲ್ಲಿ ಬೇಕಾದದ್ದು ಕುದುರೆಯಲ್ಲ, ಎತ್ತು! ಎರಡನೇ ಗೇರಿನಲ್ಲಿ ಮೆಲ್ಲಗೆ, ಆಫ್ ಆಗದೆ, ಎಳೆದುಕೊಂಡು ಹೋಗುವ ಎಂಜಿನ್ ಬೇಕು. ಹಳೆಯ 411 ಈ ವಿಷಯದಲ್ಲಿ ನಮ್ಮೂರ ಹಳ್ಳಿಕಾರ್ ಎತ್ತಿನ ಹಾಗೆ.

ಐದನೆಯದು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಲೆಕ್ಕ ಬದಲಾಯಿತು. 350 ಸಿಸಿ ತನಕ ತೆರಿಗೆ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನದಕ್ಕೆ 40ಕ್ಕೆ ಏರಿತು. ನಾಲ್ಕೈದು ಸಿಸಿ ಹೆಚ್ಚುಕಮ್ಮಿಗೆ ಸಾವಿರಾರು ರೂಪಾಯಿ ವ್ಯತ್ಯಾಸ! ಷೋರೂಮಿನ ಬೋರ್ಡ್ ಬೆಲೆ ನೋಡಿ ಮರುಳಾಗಬೇಡಿ. ರಸ್ತೆ ತೆರಿಗೆ, ವಿಮೆ, ಹೆಲ್ಮೆಟ್, ಬೂಟು, ಕ್ರ್ಯಾಶ್ ಗಾರ್ಡ್ ಎಲ್ಲ ಕೂಡಿಸಿ. ಒಂದು ಸಲ ಬಿದ್ದರೆ ಕ್ಲಚ್ ಲಿವರ್, ಇಂಡಿಕೇಟರ್, ಕನ್ನಡಿ ಎಷ್ಟಾಗುತ್ತೆ, ಅದು ಚಿತ್ರದುರ್ಗದಲ್ಲೇ ಸಿಗುತ್ತಾ ಅಂತ ಕೇಳಿ. ಬೀಳೋದು ಗ್ಯಾರಂಟಿ, ಅದಕ್ಕೇ ಹೇಳಿದೆ!

ಇದು ಗಾಡಿನೋ ಏಣಿನೋ?

ಲೆಕ್ಕ ಎಲ್ಲ ಆಯಿತು. ಆದರೆ ಹಿಂದೆ ಕೂರುವ ಯಜಮಾನರನ್ನೇ ಕೇಳಿರಲಿಲ್ಲವಲ್ಲ! ಅಪ್ಪನನ್ನು ಕರೆದುಕೊಂಡು ಷೋರೂಮುಗಳ ಯಾತ್ರೆ ಹೊರಟೆ.

ಮೊದಲನೆಯ ಷೋರೂಮಿನಲ್ಲಿ ಅಪ್ಪ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಸೀಟು ಅವರ ಎದೆಮಟ್ಟಕ್ಕಿತ್ತು. "ಏನಲೇ ತಮ್ಮಾ, ಇದು ಗಾಡಿನೋ ಏಣಿನೋ?" ಅಂದರು. ಸೇಲ್ಸ್ ಹುಡುಗ ಮುಖ ತಿರುಗಿಸಿ ನಕ್ಕ.

ಯೆಜ್ಡಿ ಅಡ್ವೆಂಚರ್ ನೋಡಿದಾಗ ಮಾತ್ರ ನನ್ನ ಎದೆ ಹೊಡೆದುಕೊಂಡಿತು. ಟ್ಯಾಂಕಿನ ಮೇಲೆ ಆ ಹೆಸರು! ಅಪ್ಪ ಬೆರಳಿನಿಂದ ಆ ಅಕ್ಷರಗಳನ್ನು ಒಂದು ಸಲ ಸವರಿದರು. ಸೀಟು 815 ಮಿಲಿಮೀಟರ್, 350 ಸಿಸಿ ಒಳಗೆ, ತೆರಿಗೆಯೂ ಕಮ್ಮಿ. "ಇದೇ ತಗೊಳ್ಳೋಣ ಅಪ್ಪ" ಅಂದೆ. ಅಪ್ಪ ತಲೆ ಅಲ್ಲಾಡಿಸಿದರು. "ಹೆಸರಿಗೆ ದುಡ್ಡು ಕೊಡಬ್ಯಾಡ. ಗಾಡಿ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದ್ರೆ ನೀನು ಇದನ್ನ ಕೊಳ್ಳೋದು ನನ್ನ ಹಳೇ ಗಾಡಿ ಮಾರಿಸಿದೆ ಅನ್ನೋ ನೋವಿಗೆ. ಆ ಸಾಲ ತೀರಿ ಯಾವ ಕಾಲ ಆತೋ. ನನ್ನ ಮಂಡಿ ಏನಂತದೆ ಅದನ್ನ ಕೇಳು."

ನನಗೆ ಮಾತು ಹೊರಡಲಿಲ್ಲ. ಇಪ್ಪತ್ತೈದು ವರ್ಷ ನಾನು ಒಳಗೇ ಇಟ್ಟುಕೊಂಡಿದ್ದನ್ನು ಈ ಮನುಷ್ಯ ಯಾವಾಗ ಓದಿಬಿಟ್ಟರು?

ಸರಿ, ಮಂಡಿಯನ್ನೇ ಕೇಳಿದೆವು. ಆಗ ಒಂದು ಸಂಗತಿ ಗೊತ್ತಾಯಿತು. ಮಂಡಿ ನೋವಿನವರು ಕಾಲು ಬೀಸಿ ಗಾಡಿ ಹತ್ತೋದಿಲ್ಲ. ಎಡಗಡೆಯ ಫುಟ್‌ರೆಸ್ಟಿನ ಮೇಲೆ ಎಡಗಾಲಿಟ್ಟು, ನನ್ನ ಹೆಗಲು ಹಿಡಿದು, ಮೆಟ್ಟಿಲು ಹತ್ತಿದ ಹಾಗೆ ಎದ್ದು, ಆಮೇಲೆ ಬಲಗಾಲು ಆ ಕಡೆ ಹಾಕ್ತಾರೆ. ಆ ಒಂದು ಕ್ಷಣ ಅವರ ಪೂರ್ತಿ ಭಾರ ಗಾಡಿಯ ಎಡಗಡೆಗೆ. ಗಾಡಿ ವಾಲುತ್ತೆ. ಅದನ್ನು ತಡೆಯಬೇಕಾದ್ದು ನನ್ನ ಎರಡು ಪಾದ. ಪಾದ ಪೂರ್ತಿ ನೆಲದ ಮೇಲಿರಬೇಕು. ಹೆಬ್ಬೆರಳ ತುದಿಯಲ್ಲಿ ನಿಂತವನು ಅಪ್ಪನನ್ನು ಕೆಡವುತ್ತಾನೆ!

ಅವ್ವ ಮೊದಲೇ ಹೇಳಿದ್ದಳು. "ನಿಮ್ಮಪ್ಪನ್ನ ಕೆಡವಿಕೊಂಡು ಬಂದ್ರೆ ಮನೆ ಬಾಗಿಲು ತೆಗೆಯಲ್ಲ."

ಆಗ ಸೀಟಿನ ಎತ್ತರ ನೋಡಿದೆ. ಹಿಮಾಲಯನ್ 450ಕ್ಕೆ 825, ಕೆಟಿಎಂಗೆ 830ರ ಆಸುಪಾಸು, ಎಕ್ಸ್‌ಪಲ್ಸ್ 825. ಹಳೆಯ ಹಿಮಾಲಯನ್ 411ಕ್ಕೆ 800 ಮಿಲಿಮೀಟರ್. 25 ಮಿಲಿಮೀಟರ್ ಅಂದರೆ ಒಂದು ಅಂಗುಲ. ಕಾಗದದ ಮೇಲೆ ಏನೂ ಅಲ್ಲ. ನನ್ನ ಹಿಮ್ಮಡಿ ಮಾತ್ರ ಆ ಒಂದು ಅಂಗುಲದಲ್ಲೇ ನೆಲ ಮುಟ್ಟಿತು. 450ಕ್ಕೆ ತಗ್ಗಿನ ಸೀಟು ಹಾಕಿಸಬಹುದು, ನಿಜ. ಆದರೆ ನನ್ನ ಚೀಟಿ ದುಡ್ಡು ಅಷ್ಟು ದೂರ ಬರುತ್ತಿರಲಿಲ್ಲ. ಎರಡು ಕೆಲಸಕ್ಕೂ ಒಂದೇ ಉತ್ತರ, 411. ಹೊಸದು ಸಿಗೋದಿಲ್ಲ, ಸೆಕೆಂಡ್‌ಹ್ಯಾಂಡ್ ಹುಡುಕಬೇಕು.

ನಮ್ಮ ಏರಿಯಾದ ಗ್ಯಾರೇಜಿನ ಭಾಯ್ ಜೊತೆಗೆ ಬಂದರು. ಆರು ಗಾಡಿ ನೋಡಿದೆವು. ಐದನ್ನು ಭಾಯ್ ದೂರದಿಂದಲೇ ಬೇಡ ಅಂದರು. ಅವರು ನೋಡುವ ಕ್ರಮವೇ ಬೇರೆ. ಹೊಳಪು ನೋಡಲೇ ಇಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ ಕೋನ್‌ಸೆಟ್ ಎಲ್ಲಾದರೂ ತಡೆಯುತ್ತಾ ಅಂತ ನೋಡಿದರು. ಶಾಕ್ಸ್ ಒತ್ತಿ ಆಯಿಲ್ ಸೀಲ್ ಒಸರುತ್ತಾ ಅಂತ ಬೆರಳಿಟ್ಟರು. ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿದರು, ಸಡಿಲ ಕಡ್ಡಿಯ ಸದ್ದು ಮಂಕಾಗಿರುತ್ತೆ. ನೆಲಕ್ಕೆ ಮಲಗಿ ಎಂಜಿನ್ ಕೆಳಗಿನ ತಗಡು ನೋಡಿದರು. "ಮೇಲೆ ಬಣ್ಣ ಹೊಡೀಬಹುದು ಸಾರ್, ಹೊಟ್ಟೆ ಕೆಳಗೆ ಯಾರೂ ಬಣ್ಣ ಹೊಡೆಯಲ್ಲ" ಅಂದರು. ಆರನೆಯದು ಪಾಸಾಯಿತು. 2021ರ ಗಾಡಿ, ಒಂದೂವರೆ ಲಕ್ಷದ ಆಸುಪಾಸು. ಉಳಿದ ದುಡ್ಡಿನಲ್ಲಿ ಎರಡು ಹೆಲ್ಮೆಟ್, ಒಂದು ಜೊತೆ ಬೂಟು, ತೋಟದ ಮೋಟಾರ್ ರಿಪೇರಿ.

ಎರಡು ಹೆಲ್ಮೆಟ್

ಹೌದು, ಎರಡು ಹೆಲ್ಮೆಟ್. ಇಲ್ಲಿ ಒಂದು ನಿಮಿಷ ನಿಲ್ಲಿ.

ನಮ್ಮ ಸಂಚಾರಿ ವಿಜಯ್ ನೆನಪಿದ್ದಾರಲ್ಲ? 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದು ಹೋಗಿಬಿಟ್ಟರು. ಅವರು ಗಾಡಿ ಓಡಿಸುತ್ತಿರಲಿಲ್ಲ, ಹಿಂದೆ ಕೂತಿದ್ದರು. ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನ ಮಾಡಿದರು. ನಾನು ಅಪ್ಪನನ್ನು ಕೂರಿಸಿಕೊಂಡಾಗಲೆಲ್ಲ ಇದು ನೆನಪಾಗುತ್ತೆ. ಊರೊಳಗೇ ಅಲ್ಲವೇ, ಏಳು ಕಿಲೋಮೀಟರಲ್ಲವೇ ಅಂತ ಅಪ್ಪ ಹೆಲ್ಮೆಟ್ ಪಕ್ಕಕ್ಕಿಟ್ಟರು. ನಾನು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಐದು ನಿಮಿಷ ಇಬ್ಬರೂ ಹಟ ಹಿಡಿದು ಕೂತೆವು. ಕೊನೆಗೆ ಹಾಕಿಕೊಂಡರು, ಬೈದುಕೊಂಡೇ!

ಆ ಆರು ಕಿಲೋಮೀಟರ್

ಅಷ್ಟರೊಳಗೆ ಎರಡು ತಿಂಗಳು ಒಬ್ಬನೇ ಆ ದಾರಿಯಲ್ಲಿ ಅಭ್ಯಾಸ ಮಾಡಿದ್ದೆ. ಕಲಿತದ್ದು ಇಷ್ಟು. ಮುಂದಿನ ಚಕ್ರದ ಕೆಳಗೆ ನೋಡಬಾರದು, ಹೋಗಬೇಕಾದ ಕಡೆ ದೂರ ನೋಡಬೇಕು. ಒಬ್ಬನೇ ಇದ್ದರೆ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮಂಡಿ ಸಡಿಲ ಬಿಟ್ಟು, ಗಾಡಿ ಕುಣಿದರೆ ಕುಣಿಯೋಕೆ ಬಿಡಬೇಕು. ಹ್ಯಾಂಡಲ್ಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕು. ಬ್ರೇಕೆಲ್ಲ ತಿರುವಿಗೆ ಮುಂಚೆಯೇ, ನೇರ ಇರುವಾಗಲೇ. ಜಲ್ಲಿಗೆ ಇಳಿಯುವ ಮುಂಚೆ ಟೈರಿನ ಗಾಳಿ ನಾಲ್ಕೈದು ಪೌಂಡ್ ಇಳಿಸಿದರೆ ಹಿಡಿತ ಜಾಸ್ತಿ. ತೀರಾ ಇಳಿಸಿದರೆ ರಿಮ್ಮು ಟ್ಯೂಬನ್ನು ಕಚ್ಚುತ್ತೆ. ಹಿಂದೆ ಅಪ್ಪ ಇದ್ದರೆ ಗಾಳಿ ಇಳಿಸೋದೂ ಇಲ್ಲ, ನಿಲ್ಲೋದೂ ಇಲ್ಲ. ಎರಡನೇ ಗೇರು, ಇಪ್ಪತ್ತರ ವೇಗ, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ನಾನು ಎರಡೂ ಪಾದ ಊರಿ ನಿಂತೆ. ಅಪ್ಪ ಹೆಗಲು ಹಿಡಿದು ಹತ್ತಿದರು. ಗಾಡಿ ವಾಲಿತು, ನಿಂತಿತು. ಒಂದು ಅಂಗುಲ ತನ್ನ ಕೆಲಸ ಮಾಡಿತು.

ಜಲ್ಲಿ ದಾಟಿದೆವು. ಹಳ್ಳದಲ್ಲಿ ಮೊಣಕಾಲು ಮಟ್ಟದ ನೀರಿತ್ತು. ಇಳಿದು ನಡೆದು ನೋಡಿ ಬಂದು, ಆಮೇಲೆ ಮೆಲ್ಲಗೆ ದಾಟಿಸಿದೆ. ದಾರಿಯುದ್ದಕ್ಕೂ ಅಪ್ಪ ಒಂದು ಮಾತೂ ಆಡಲಿಲ್ಲ. ಅವರ ಕೈ ಮಾತ್ರ ನನ್ನ ಹೆಗಲಿಂದ ತೆಗೆದಿರಲಿಲ್ಲ. ತೋಟದ ಬೇಲಿ ಹತ್ತಿರ ಇಳಿದವರು ಕೋಲು ಊರಿಕೊಂಡು ಒಳಗೆ ಹೋದರು. ಒಂದೊಂದೇ ಮರದ ಬುಡಕ್ಕೆ ಹೋಗಿ ತಲೆ ಎತ್ತಿ ನೋಡುತ್ತಾ ಎಣಿಸಿದರು. ಎರಡು ತೆಂಗಿನ ಸುಳಿ ಕೊಳೆತು ಹೋಗಿತ್ತು. "ಮೊದ್ಲೇ ನೋಡಿದ್ರೆ ಉಳಿಸಬೌದಿತ್ತು" ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ನಾನು ತಲೆ ತಗ್ಗಿಸಿದೆ. ಎಂಟು ತಿಂಗಳು ನಾನು ಬೆಂಗಳೂರಿನಲ್ಲಿ ಬಣ್ಣ ಬಣ್ಣದ ಬೈಕುಗಳ ಚಿತ್ರ ನೋಡುತ್ತಾ ಕೂತಿದ್ದೆನಲ್ಲ!

ವಾಪಸ್ ಬರುವ ಮುಂಚೆ ಅಪ್ಪ ಗಾಡಿಯ ಬಲಗಡೆ, ಎಡಗಡೆ ಎರಡೂ ಕಡೆ ಬಗ್ಗಿ ಏನೋ ಹುಡುಕಿದರು.

"ಏನ್ ನೋಡ್ತಿದೀಯಪ್ಪಾ?"

"ಕಿಕ್ ಎಲ್ಲಲೇ ಇದಕ್ಕೆ?"

"ಕಿಕ್ ಇಲ್ಲಪ್ಪ ಇದಕ್ಕೆ. ಬಟನ್ ಒತ್ತಿದ್ರೆ ಆಯ್ತು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಾನೇ ಒತ್ಲಾ?" ಅಂದರು.

ಒತ್ತಿದರು. ಎಂಜಿನ್ ಗುಡುಗುಡು ಅಂದಿತು. ಯೆಜ್ಡಿಯ ಸದ್ದಲ್ಲ ಅದು. ಆದರೂ ಅಪ್ಪನ ಮುಖದಲ್ಲಿ ಒಂದು ನಗು ಬಂತು. ಅಲ್ಲಿ ಶಿಳ್ಳೆ ಹೊಡೆಯೋಕೆ ಯಾರೂ ಇರಲಿಲ್ಲ. ನಾನೇ ಎರಡು ಬೆರಳು ಬಾಯಿಗಿಟ್ಟು ಹೊಡೆದೆ, ಗಾಂಧಿ ಕ್ಲಾಸಿನ ಹಾಗೆ!

ಮಿತ್ರರೇ, ನಿಮಗೆ ಬೇಕಾದ ಗಾಡಿ ಬೇರೆಯೇ ಇರಬಹುದು. ನಿಮ್ಮ ಕಾಲು ನನಗಿಂತ ಉದ್ದ ಇರಬಹುದು, ನಿಮ್ಮ ಹಿಂದೆ ಕೂರೋರು ಬೇರೆಯವರಿರಬಹುದು, ಅದೃಷ್ಟವಂತರು! ಆದರೆ ಕೊಳ್ಳುವ ಮುಂಚೆ ಆ ಕುರಿ ಕಾಯುವ ಅಜ್ಜನ ಪ್ರಶ್ನೆಯನ್ನು ಒಂದು ಸಲ ಕೇಳಿಕೊಳ್ಳಿ. ಒಬ್ಬನೇ ಎತ್ತೋಕಾಗುತ್ತಾ? ಹಿಂದೆ ಕೂರೋರನ್ನು ಹತ್ತಿಸಿ ಇಳಿಸೋಕಾಗುತ್ತಾ? ಆಗುತ್ತೆ ಅಂದರೆ ಅದೇ ನಿಮ್ಮ ಗಾಡಿ.

ಏನಂತೀರಿ? ಯೋಚನೆ ಮಾಡಿ. ಅಲ್ಲಿವರೆಗೆ, ಅಗೋ, ನಿಮ್ಮ ಬಸ್ಸು ಪ್ಲಾಟ್‌ಫಾರಂಗೆ ಬಂತು ನೋಡಿ. ಓಡಿ, ಸೀಟ್ ಹಿಡೀರಿ!